ಮನೆಯಳಿಯನಿಗೆ ಬೇರೆ ಪೆಟ್ಟಿಗೆ

ನಮ್ಮಮ್ಮ ಪುಟ್ಟಗೌರಿ ರಾಜಾಜಿನಗರದ ಕಾಲೇಜೊಂದರಲ್ಲಿ ಲ್ಯಾಬ್ ಅಟೆಂಡರ್. ಇರುವೆಗಳನ್ನು ಕಾಗದದ ಚೂರಿಗೆ ಅಂಟಿಸಿ, ಪ್ರಭೇದಕ್ಕೊಂದು ಪೆಟ್ಟಿಗೆಯಂತೆ ಜೋಡಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ.

ಹೋದ ವಾರ ಒಂದೇ ಗೂಡಿನಿಂದ ಬಂದವುಗಳಲ್ಲಿ ಮೂರನ್ನು ಬೇರೆ ಪೆಟ್ಟಿಗೆಗೆ ಹಾಕಿ, ‘ಮನೆಯಳಿಯ’ ಎಂದು ಚೀಟಿ ಬರೆದಳು. ಅವು ಕೆಲಸ ಮಾಡದೆ, ಗೂಡಿನ ಇರುವೆಗಳಿಂದ ತುತ್ತು ತಿನ್ನಿಸಿಕೊಳ್ಳುವುದನ್ನು ಗಾಜಿನ ಡಬ್ಬಿಯಲ್ಲಿ ದಿನಗಟ್ಟಲೆ ನೋಡಿದ್ದಳು.

ನಿನ್ನೆ ಆ ಚೀಟಿ ನೋಡಿ ಹೊಸ ಮೇಷ್ಟ್ರು ಯೋಗಾನಂದ ನಕ್ಕರು. "ಒಂದೇ ಗೂಡಿನವು ಕಣಮ್ಮಾ, ಸಣ್ಣ ಕೆಲಸಗಾರ ಇರುವೆಗಳಿರ್ಬೇಕು. ವಾಪಸ್ ಸೇರ್ಸಿ."

"ಕೆಲಸಗಾರ ಇರುವೆಗೆ ರೆಕ್ಕೆ ಉದುರಿದ ಗುರುತು ಇರುತ್ತಾ ಸಾರ್? ಇವು ರಾಣಿಗಳು, ಆ ಗೂಡಿನ ರಾಣಿಗಿಂತ ಬೇರೆ ಜಾತಿ."

"ರಾಣಿಗೆ ಅಳಿಯ ಅಂತೀರಲ್ಲ!"

"ಹೆಸ್ರು ಬೇಕಾದ್ರೆ ತಿದ್ದಿ. ಒಂದೇ ಮನೇಲಿದ್ರೆ ಒಂದೇ ವಂಶ ಆಗ್ಬಿಡ್ತಾರಾ? ಸೇರ್ಸಲ್ಲ."

"ಹಂಗಾದ್ರೆ ನಾಳೆಯಿಂದ ಆಫೀಸಲ್ಲಿ ಫೈಲ್ ಹೊರಿ."

ಸಂಜೆ ಕುರುಬರಹಳ್ಳಿಯ ನಮ್ಮ ಮನೆಯಲ್ಲಿ, ಮಗಳಿಗೆ ಅನ್ನ ತಿನ್ನಿಸುತ್ತಿದ್ದ ನನ್ನ ಗಂಡ ಸಂಪತ್ ಕೇಳಿದ: "ಅತ್ತೆ, ನಾನೂ ಮನೆಯಳಿಯನೇ. ಆ ಹೆಸ್ರೇ ಬೇಕಿತ್ತಾ?"

"ನೀನು ಪಾತ್ರೆ ತೊಳೀತೀಯ ಕಣಪ್ಪಾ. ಅವು ತೊಳೆಯಲ್ಲ."

ನಗು ನಿಂತ ಮೇಲೆ ನಾನೆಂದೆ, "ಸೇರಿಸ್ಬಿಡಮ್ಮ, ರಿಟೈರ್ ಆಗೋಕೆ ಎರಡೇ ವರ್ಷ. ಆ ಲ್ಯಾಬ್ ಬಿಟ್ಟು ಇರ್ತೀಯಾ?"

"ಇರೋಕಾಗಲ್ಲ. ಆದ್ರೆ ಗೊತ್ತಿದ್ದೂ ಸುಳ್ಳು ಚೀಟಿ ಬರೀಲಾ?"

ಇವತ್ತು ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಲ್ಯಾಬಿಗೆ ಹೋಗಿ ಆ ಚೀಟಿಯನ್ನು ತಿದ್ದಿ ಬಂದಳಂತೆ. ‘ಮನೆಯಳಿಯ ರಾಣಿ. ಬೇರೆ ಪ್ರಭೇದ. ಗುರುತಿಸಿದವರು: ಪುಟ್ಟಗೌರಿ, ಅಟೆಂಡರ್.’ ಬರೆದದ್ದು ಅಳಿಸಲಾಗದ ಕಪ್ಪು ಶಾಯಿಯಲ್ಲಿ.