ಕೆಂಪು ಗಂಟು

ಕೆಂಪಾಪುರದ ಚಿಕ್ಕಹನುಮಯ್ಯ ಭಾನುವಾರ ಬೆಳಿಗ್ಗೆ ಕೆರೆ ದಡದಲ್ಲಿ ಕೂತಲ್ಲೇ ತೀರಿಕೊಂಡ. ಪಕ್ಕದಲ್ಲಿದ್ದವನು ಬಾಲ್ಯದ ಗೆಳೆಯ ನಾಗಭೂಷಣ. ಗಾಳದ ಗಂಟಿನ ವಿಷಯದಲ್ಲಿ ಹನುಮಯ್ಯ ಯಾರನ್ನೂ ಸುಲಭಕ್ಕೆ ನಂಬಿದವನಲ್ಲ. ತನ್ನ ಕಟ್ಟಡದಲ್ಲಿ ಬಾಡಿಗೆಗೆ ಮನೆ ಕೇಳಲು ಬಂದವರ ಕೈಗೂ ದಾರ ಕೊಟ್ಟು ಗಂಟು ಹಾಕಿಸಿ ನೋಡುತ್ತಿದ್ದ. ಮೀನು ಹಿಡಿಯಲು ಕಲಿಯಬಂದವರಿಗೆ ಗಾಳ ಬೀಸುವ ಪಾಠ ನಡೆಯುತ್ತಿದ್ದದ್ದು ಆ ಕಟ್ಟಡದ ತಾರಸಿಯ ಮೇಲೆ. ಕೊಕ್ಕೆಯ ಬದಲು ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿ, ಅದು ದೂರದ ಬಕೆಟ್ಟಿಗೆ ಬೀಳುವ ತನಕ ಯಾರನ್ನೂ ಕೆರೆಗೆ ಕರೆದೊಯ್ಯುತ್ತಿರಲಿಲ್ಲ. "ತೋಳ್ ಯಾಕ್ ಬೀಸ್ತೀಯಪ್ಪಾ, ಮಣಿಕಟ್ ತಿರುಗ್ಸು, ನೊಣ ಓಡಿಸ್ದಂಗೆ!" ಪಕ್ಕದ ಮನೆಯವರು ಒಣಹಾಕಿದ ಸೀರೆಗಳಿಗೆಲ್ಲ ಅವನ ಶಿಷ್ಯರ ದಾರ ಸುತ್ತಿಕೊಂಡಿತ್ತು. ಗಂಟು ಬಿಗಿಯುವ ಮೊದಲು ಎಂಜಲಲ್ಲಿ ನೆನೆಸಬೇಕು, ಇಲ್ಲದಿದ್ದರೆ ದಾರ ಉಜ್ಜಿ ಸವೆಯುತ್ತದೆ ಎಂಬುದು ಅವನ ಶಾಸ್ತ್ರ. ಬಾಯಲ್ಲಿ ಸದಾ ಎಲೆಅಡಿಕೆ ಇರುತ್ತಿದ್ದುದರಿಂದ ಅವನು ಒಪ್ಪಿದ ಗಂಟೆಲ್ಲ ಕೆಂಪು. ನಾಗಭೂಷಣ ಹಾಕಿದ್ದನ್ನು ಮಾತ್ರ ಹಲ್ಲಲ್ಲೇ ಕಡಿದು, "ಇಂಗ್ ಕಟ್ಟಿದ್ರೆ ಹಸೂನೇ ನಿಲ್ಲಲ್ಲ ಕಣೋ, ಮೀನ್ ನಿಲ್ಲತ್ತಾ?" ಎಂದು ತಾನೇ ಹೊಸದು ಹಾಕುತ್ತಿದ್ದ. ಲಕ್ವ ಹೊಡೆದು ಬಲಗೈ ಬಿದ್ದ ಮೇಲೆ ಹೊಸದು ಹಾಕಲು ಆಗುತ್ತಿರಲಿಲ್ಲ, ಆದರೂ ಕಡಿಯುವುದನ್ನು ಬಿಡಲಿಲ್ಲ. ಕೊಕ್ಕೆ ಕಟ್ಟಲು ಅವನು ಒಪ್ಪುವ ಗಂಟೇ ಇಲ್ಲದೆ ಇಬ್ಬರೂ ಬರೀ ಕೋಲು ಹಿಡಿದು ದಡದಲ್ಲಿ ಕೂತಿದ್ದು ವಾಪಸು ಬರುತ್ತಿದ್ದರು. ಆ ಭಾನುವಾರ ನಾಗಭೂಷಣ ಹಾಕಿಕೊಟ್ಟ ಸಡಿಲ ಗಂಟನ್ನು ಹನುಮಯ್ಯ ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿದ, ಬಾಯಿಗೆ ಒಯ್ದ. ಕಡಿಯುತ್ತಾನೆಂದು ನಾಗಭೂಷಣ ಆಗಲೇ ಮುಖ ತಿರುಗಿಸಿದ್ದ. ಹನುಮಯ್ಯ ಗಂಟನ್ನು ಕೆಂಪಗೆ ನೆನೆಸಿ, ಅವನ ಕೈಗಿಟ್ಟು, "ಎಳಿ" ಎಂದ.