ಗುರುವಾರದ ಕಾರು

ನಮ್ಮ ಪೇಟೆಯ ಹೆಸರು ಹೇಳುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರರ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಹೆಸರು ಹೇಳಿದರೆ ಅಲ್ಲಿಯವರಿಗೆ ಸಿಟ್ಟು ಬರುತ್ತದೆ, ಉಳಿದ ಕಡೆಯವರು ತಮ್ಮ ಪೇಟೆ ಹಾಗಲ್ಲ ಎಂದು ಹಾಯಾಗಿ ನಿದ್ದೆ ಮಾಡುತ್ತಾರೆ. ಯಾರೂ ಹಾಯಾಗಿ ನಿದ್ದೆ ಮಾಡುವುದು ನನಗೆ ಬೇಕಾಗಿಲ್ಲ.

ಪೇಟೆ ಎಂದರೆ ಒಂದೇ ರಸ್ತೆ. ಎರಡು ಎತ್ತಿನಗಾಡಿ ಎದುರುಬದುರಾದರೆ ಒಂದು ನಿಂತು ದಾರಿ ಬಿಡಬೇಕು, ಅಷ್ಟೇ ಅಗಲ. ಎರಡೂ ಬದಿ ಚರಂಡಿ, ಚರಂಡಿಯ ಮೇಲೆ ಸಿಮೆಂಟಿನ ಸ್ಲ್ಯಾಬು. ಜನ ನಡೆಯಲಿಕ್ಕೆ ಎಂದು ಹಾಕಿದ ಆ ಸ್ಲ್ಯಾಬಿನ ಮೇಲೆ ಈಗ ಕಾರುಗಳು ಎರಡು ಚಕ್ರ ಹತ್ತಿಸಿಕೊಂಡು, ಒಂದು ಬದಿಗೆ ವಾಲಿ ನಿಂತಿರುತ್ತವೆ.

ಅದರಲ್ಲಿ ಒಂದು ಕಾರನ್ನು ಗುರುವಾರ ಗುರುವಾರ ನಿಲ್ಲಿಸುತ್ತಿದ್ದವಳು ನಾನೇ.

ಕಾರು ನನ್ನದಲ್ಲ, ತಮ್ಮನದು. ಅವನು ಮಸ್ಕತ್‌ನಲ್ಲಿದ್ದಾನೆ. ವರ್ಷಕ್ಕೊಮ್ಮೆ ಒಂದು ತಿಂಗಳು ರಜೆಗೆ ಬರುತ್ತಾನೆ. ಆ ಒಂದು ತಿಂಗಳು ಓಡಾಡಲು ಒಂದು ದೊಡ್ಡ ಕಾರು ತೆಗೆದಿಟ್ಟಿದ್ದಾನೆ. ಉಳಿದ ಹನ್ನೊಂದು ತಿಂಗಳು ಅದು ನಮ್ಮ ಅಂಗಳದಲ್ಲಿ ಟರ್ಪಾಲು ಹೊದ್ದು ಮಲಗಿರುತ್ತದೆ. ಫೋನಿನಲ್ಲಿ ಅವನು ಮೊದಲು ಕೇಳುವುದು ಅದರ ಯೋಗಕ್ಷೇಮ. “ವಾರಕ್ಕೊಮ್ಮೆ ಪೇಟೆವರೆಗಾದ್ರೂ ಓಡಿಸು ಅಕ್ಕ, ಇಲ್ಲದಿದ್ರೆ ಬ್ಯಾಟರಿ ಡೌನ್ ಆಗ್ತದೆ.” ನಮ್ಮ ಕಡೆ ಇದು ಎಲ್ಲ ಮನೆಗಳಲ್ಲೂ ಉಂಟು. ಭಾವನ ಕಾರು, ಅಳಿಯನ ಕಾರು, ಚಿಕ್ಕಪ್ಪನ ಮಗನ ಕಾರು. ಊರಿನಲ್ಲಿ ಉಳಿದವರು ವಾರಕ್ಕೊಮ್ಮೆ ಅವುಗಳನ್ನು ನಾಯಿಯ ಹಾಗೆ ವಾಕಿಂಗ್ ಕರೆದುಕೊಂಡು ಹೋಗುತ್ತಾರೆ.

ಮೂವತ್ತು ವರ್ಷ ಬೆಳ್ತಂಗಡಿಯ ಶಾಲೆಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋದವಳು ನಾನು. ನಿವೃತ್ತಿಯಾದ ಮೇಲೆ ಕಾರು ಬಿಡಲು ಕಲಿತದ್ದು ಈ ಬ್ಯಾಟರಿಗಾಗಿ. ಗುರುವಾರ ಬೆಳಿಗ್ಗೆ ಪೇಟೆಗೆ ಹೋಗಿ, ಮೆಡಿಕಲ್ ಎದುರು ಕಾರು ನಿಲ್ಲಿಸಿ, ಬೇಕಿಲ್ಲದ ಕೊತ್ತಂಬರಿ ಸೊಪ್ಪು ಕೊಂಡು, ಸಿಕ್ಕಿದವರಲ್ಲಿ ಮಾತಾಡಿ ಬರುತ್ತಿದ್ದೆ. ಅರ್ಧ ಗಂಟೆಯಲ್ಲವೇ ಎಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಳ್ಳದವರು ಆ ರಸ್ತೆಯಲ್ಲಿ ಒಬ್ಬರೂ ಇಲ್ಲ.

ಇನ್ನು ನನ್ನ ಅಕ್ಕ. ಮದುವೆಯಾಗಲಿಲ್ಲ, ನನ್ನ ಜೊತೆಗೇ ಇದ್ದಾಳೆ. ಚಿಕ್ಕಂದಿನಿಂದ ಬೀಡಿ ಕಟ್ಟಿ ನನ್ನನ್ನು ಓದಿಸಿದವಳು. ಕೆಲವು ವರ್ಷಗಳಿಂದ ಅವಳ ಕಣ್ಣು ಮಂಜಾಗುತ್ತಾ ಬಂತು. ಈಗ ಬೆಳಕು ಗೊತ್ತಾಗುತ್ತದೆ, ಅಡ್ಡ ಬಂದ ದೊಡ್ಡ ವಸ್ತು ಮಸುಕಾಗಿ ಕಾಣುತ್ತದೆ, ಅಷ್ಟೆ. ಆದರೂ ಬೀಡಿ ಬಿಟ್ಟಿಲ್ಲ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುವುದಕ್ಕೆ ಅವಳಿಗೆ ಬೆರಳೇ ಸಾಕು. ನನ್ನ ಪಿಂಚಣಿ ಇದೆ, ಸುಮ್ಮನಿರು ಎಂದರೆ ಕೇಳುವವಳಲ್ಲ. ಸೋಮವಾರ ಮತ್ತು ಗುರುವಾರ ಕಟ್ಟಿದ ಬೀಡಿಯನ್ನು ಚೀಲಕ್ಕೆ ತುಂಬಿಸಿಕೊಂಡು, ಅದನ್ನು ಎಣಿಸಿ ತೆಗೆದುಕೊಳ್ಳುವ, ಪೇಟೆಯ ಆ ತುದಿಯಲ್ಲಿರುವ ಬೀಡಿ ಬ್ರಾಂಚಿಗೆ ನಡೆದೇ ಹೋಗುತ್ತಿದ್ದಳು. ಒಬ್ಬಳೇ. ಕಾರಿನಲ್ಲಿ ಬಾ ಎಂದರೆ, “ನೀನು ಹೋಗು ಮಾರಾಯ್ತಿ, ನನ್ನದು ಇನ್ನೂ ಕಟ್ಟಿ ಆಗ್ಲಿಲ್ಲ” ಎನ್ನುತ್ತಿದ್ದಳು. ವಾರದಲ್ಲಿ ಆ ಎರಡು ಬೆಳಿಗ್ಗೆ ಯಾರ ಕೈಯನ್ನೂ ಹಿಡಿಯದೆ ಊರಿನ ಮಧ್ಯೆ ನಡೆಯುವುದು ಅವಳಿಗೆ ಎಷ್ಟು ದೊಡ್ಡದು ಎಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದೆ.

ಕಳೆದ ವರ್ಷ ಒಂದು ಸೋಮವಾರ, ಹಾರ್ಡ್‌ವೇರ್ ಅಂಗಡಿಯ ಎದುರು ಸ್ಲ್ಯಾಬಿನ ಮೇಲೆ ನಿಂತಿದ್ದ ಕಾರನ್ನು ದಾಟಲು ಅಕ್ಕ ರಸ್ತೆಗೆ ಇಳಿದಳು. ಹಿಂದಿನಿಂದ ಬಂದ ಸ್ಕೂಟರ್ ಮೊಣಕೈಗೆ ತಾಗಿತು. ಬಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಸ್ಕೂಟರಿನವ ನಿಲ್ಲಲಿಲ್ಲ. ಸುದ್ದಿ ಸಿಕ್ಕಿ ನಾನು ಓಡಿ ಹೋದಾಗ ಬೀಡಿಯೆಲ್ಲ ರಸ್ತೆಯಲ್ಲಿ ಚೆಲ್ಲಿತ್ತು. ಹಾರ್ಡ್‌ವೇರ್‌ನವರು ಸ್ಟೂಲು ತಂದು ಅಕ್ಕನನ್ನು ಕೂರಿಸಿ ನೀರು ಕೊಟ್ಟಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅವರ ಬಾಯಿಂದ ಬಂದ ಮಾತು ಇದು: “ಇಂಥವರನ್ನು ಒಬ್ಬರನ್ನೇ ಕಳಿಸುದಾ ಟೀಚರ್?”

ಕಾರು ಅವರದೇ. ನನಗೆ ಮೈಯೆಲ್ಲ ಉರಿಯಿತು. ನಡೆಯುವವರ ಜಾಗದಲ್ಲಿ ಕಾರು ಇಟ್ಟವನು ಸಭ್ಯ, ಅಲ್ಲಿ ನಡೆಯಲು ಬಂದವಳು ಬೇಜವಾಬ್ದಾರಿ!

ಕೈಗೆ ಪಟ್ಟಿ ಹಾಕಿಸಿ ಮನೆಗೆ ಬಂದ ಮೇಲೆ ನಾನು ಅಕ್ಕನಿಗೆ ಹೇಳಿದೆ, “ಇನ್ನು ನಡೆಯುದು ಬೇಡ. ನಾನೇ ಕಾರಲ್ಲಿ ಬ್ರಾಂಚಿಗೆ ಬಿಡ್ತೇನೆ.” ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಅದಾಗಿ ಎರಡು ತಿಂಗಳಾಗಿರಬೇಕು, ಪೇಟೆಯಲ್ಲಿ ಒಂದು ಸಭೆ ಕರೆದರು. ಹೊಸದಾಗಿ ಬಂದ ಅಧಿಕಾರಿಯೊಬ್ಬರ ಆಲೋಚನೆ: ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಪೇಟೆ ರಸ್ತೆಗೆ ಕಾರು ಬೇಡ, ಸಂತೆ ಮೈದಾನದಲ್ಲಿ ನಿಲ್ಲಿಸಿ ನಡೆದು ಬರಲಿ, ಒಂದು ತಿಂಗಳು ಮಾಡಿ ನೋಡುವ ಎಂದು. ಪಾಪ, ಗೋಡೆಯ ಮೇಲೆ ಹೊರದೇಶದ ಊರುಗಳ ಚಿತ್ರ ತೋರಿಸಿದರು. ಮುಂದಿನ ಕಾಲದ ಪೇಟೆಗಳು ಹೀಗೇ ಇರುತ್ತವೆ ಎಂದರು. ಚಿತ್ರಗಳಲ್ಲಿ ರಸ್ತೆಯ ನಡುವೆ ಮುದುಕರು ಬೆಂಚಿನ ಮೇಲೆ ಕುಳಿತಿದ್ದರು. ನಮ್ಮವರು ಬಿದ್ದು ಬಿದ್ದು ನಕ್ಕರು.

“ಕಾರು ಬಾರದಿದ್ರೆ ಗಿರಾಕಿ ಸೀದಾ ಬಿ.ಸಿ.ರೋಡಿನ ಅಂಗಡಿಗಳಿಗೆ ಹೋಗ್ತಾರೆ ಸರ್,” ಎಂದರು ಹಾರ್ಡ್‌ವೇರ್‌ನವರು. “ನಾವು ಇಲ್ಲಿ ನೊಣ ಹೊಡೆಯುದಾ?”

ನಾನು ಎದ್ದು ನಿಂತೆ. ಅಕ್ಕ ಪಕ್ಕದ ಕುರ್ಚಿಯಲ್ಲಿದ್ದಳು. ಇದು ಅವಳ ವಿಷಯ, ಅವಳೂ ಇರಲಿ ಎಂದು ಕರೆತಂದಿದ್ದೆ. “ಗಿರಾಕಿಯ ಕಾರಿಗೆ ಅಲ್ಲಿ ಜಾಗ ಎಲ್ಲಿ ಉಂಟು?” ಎಂದೆ. “ಬೆಳಿಗ್ಗೆ ಅಂಗಡಿ ತೆಗೆಯುವಾಗ ನಿಲ್ಲಿಸಿದ ನಿಮ್ಮ ಕಾರು ಸಂಜೆ ಶಟರ್ ಎಳೆಯುವವರೆಗೆ ಅಲ್ಲೇ ಉಂಟು. ನಿಮ್ಮ ಗಿರಾಕಿಯ ದಾರಿಗೆ ನೀವೇ ಅಡ್ಡ ನಿಂತು, ವ್ಯಾಪಾರ ಇಲ್ಲ ಅಂತ ಅಳ್ತೀರಿ.”

ಆಮೇಲೆ ಬಟ್ಟೆ ಅಂಗಡಿಯವನು ಎದ್ದ. ನನ್ನ ಹಳೆಯ ವಿದ್ಯಾರ್ಥಿ, ಬಹಳ ವಿನಯ.

“ಒಂದು ಕೇಳ್ಬಹುದಾ ಟೀಚರ್? ಈಗ ನಿಮ್ಮ ಕಾರು ಎಲ್ಲಿ ಉಂಟು?”

ಅಂದು ಗುರುವಾರ. ಅಕ್ಕನನ್ನು ಸಭೆಯ ಬಾಗಿಲಲ್ಲಿ ಇಳಿಸಿ, ಕಾರನ್ನು ಮೆಡಿಕಲ್ ಎದುರಿನ ಸ್ಲ್ಯಾಬಿಗೆ ಹತ್ತಿಸಿ ಬಂದಿದ್ದೆ. ಅಭ್ಯಾಸಬಲ.

“ಅದು ತಮ್ಮನದ್ದು,” ಎಂದೆ. “ಬ್ಯಾಟರಿಗೆ...”

“ನನ್ನದೂ ಭಾವನದ್ದೇ ಟೀಚರ್!” ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೊಬ್ಬರು, “ಪುರಾಣ ಹೇಳುದಕ್ಕೆ, ಬದನೆಕಾಯಿ ತಿನ್ನುದಕ್ಕೆ” ಎಂದರು. ಛಾವಣಿ ಹಾರುವಷ್ಟು ನಗು. ಆ ನಗುವಿನಲ್ಲೇ ಪ್ರಸ್ತಾವ ಮುಳುಗಿತು. ಅಧಿಕಾರಿ ತಮ್ಮ ಚಿತ್ರಗಳನ್ನು ಮುಚ್ಚಿ, ಚಹಾ ಕುಡಿದು ಹೋದರು.

ಆ ಹೊತ್ತು ನಾನು ಹೇಳಬೇಕಿದ್ದ ಮಾತು ಹೊರಗೆ ಬಂದ ಮೇಲೆ ಹೊಳೆಯಿತು. ಊರಿನಲ್ಲೇ ಇಲ್ಲದವರ ಕಾರಿಗೆ ನಮ್ಮ ಪೇಟೆಯಲ್ಲಿ ಜಾಗ ಉಂಟು, ಊರಿನಲ್ಲಿ ಹುಟ್ಟಿ ಬೆಳೆದ ಅಕ್ಕನಿಗೆ ಇಲ್ಲ. ಅವರ ಮೇಲೆ ಎಷ್ಟು ಸಿಟ್ಟಿತ್ತೋ ಅದರ ಎರಡರಷ್ಟು ನನ್ನ ಮೇಲಿತ್ತು. ಕಾರಿನ ಬಾಗಿಲನ್ನು ಧಡಾರನೆ ಎಳೆದೆ. ತಮ್ಮನಿಗೆ ಅಲ್ಲಿಂದಲೇ ಫೋನು ಮಾಡಿ, “ಬ್ಯಾಟರಿ ಕಳಚಿ ಇಡ್ತೇನೆ, ನೀನು ಬಂದಾಗ ಹಾಕಿಸಿಕೋ” ಎಂದೆ. ಅವನು ಹುಚ್ಚು ಹಿಡಿಯಿತಾ ಎಂದು ಕೇಳಿದ.

ಅಕ್ಕನನ್ನು ಕೂರಿಸಿಕೊಂಡು ಮನೆಗೆ ಬಂದೆ. ಅಂಗಳದಲ್ಲಿ ಇಳಿದ ಮೇಲೆ ನಾನೇ ತಡೆಯಲಾರದೆ ಹೇಳಿದೆ, “ಅಕ್ಕ, ಇಷ್ಟು ದಿನ ನಾನೂ ಆ ಸ್ಲ್ಯಾಬಿನ ಮೇಲೇ ನಿಲ್ಲಿಸ್ತಿದ್ದದ್ದು. ನಿನಗೆ ಗೊತ್ತಿರಲಿಕ್ಕಿಲ್ಲ.”

“ಗೊತ್ತಿತ್ತು,” ಎಂದಳು. ಎಡಗೈಯಿಂದ ಕಾರಿನ ಹಿಂಬದಿಯನ್ನು ತಡವಿ, ನಾನು ಗೇಟಿಗೆ ಗುದ್ದಿ ಮಾಡಿದ್ದ ತಗ್ಗನ್ನು ಒಂದೇ ಸಲಕ್ಕೆ ಮುಟ್ಟಿ ತೋರಿಸಿದಳು. “ಗುರುವಾರ ಗುರುವಾರ ಇದನ್ನು ಮುಟ್ಟಿಕೊಂಡೇ ನಾನು ರಸ್ತೆಗೆ ಇಳಿತಿದ್ದದ್ದು.”

ನನಗೆ ಅಳು ಬಂತು. “ಹಾಗಾದ್ರೆ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಕಾರು ಅಲ್ಲಿಂದ ತೆಗಿತಿರಲಿಲ್ಲ ಮಾರಾಯ್ತಿ,” ಎಂದಳು ಅಕ್ಕ. “ನನ್ನನ್ನೇ ಅದರೊಳಗೆ ಕೂರಿಸ್ತಿದ್ದಿ.”