ಮಗ್ಗ ನಿಂತಾಗ ನಾನು ನಕ್ಕೆ

ಇಲ್ಲ... ಇದು ಸುಳ್ಳಾಗಿರಬೇಕು...

ಇವತ್ತು ಬೆಳಿಗ್ಗೆ ನನ್ನ ಮಗಳ ಜಡೆ ಹೆಣೆದವರು...
ಮಧ್ಯಾಹ್ನಕ್ಕೆ ಇಲ್ಲ ಅಂದರೆ ಹೇಗೆ ನಂಬಲಿ?

ನಮ್ಮ ದಾನವ್ವ ವೈನಿ ಹೋಗಿಬಿಟ್ಟರು.

ಸೀರೆ ಉಡುವುದು ಕಲಿಸುವ ನನ್ನ ಪೇಜ್ ನೋಡುವ ನಿಮಗೆ ಅವರ ಮುಖ ಗೊತ್ತಿಲ್ಲ. ದನಿ ಗೊತ್ತು.
ವಿಡಿಯೋ ನಡುವೆ ಕ್ಯಾಮೆರಾ ಹಿಂದಿನಿಂದ "ನೆರಿಗಿ ಸೊಟ್ಟ ಆಗ್ಯಾವ, ಸರಿ ಮಾಡ ಬೇ" ಎಂದು ಕಿಸಕ್ಕನೆ ನಗುತ್ತಿದ್ದರಲ್ಲ... ಅವರೇ.

ವೈನಿ ಅಂದರೆ ಸ್ವಂತ ಅತ್ತಿಗೆಯಲ್ಲ, ಬನಹಟ್ಟಿಯ ನಮ್ಮ ಓಣಿಯವರೇ. ಒಂದು ಗೋಡೆ ಆಚೆಗೆ ಅವರ ಮನೆ, ಅದರ ಪಕ್ಕ ಅವರ ಪವರ್‌ಲೂಮ್.
ತವರು ಚಿಮ್ಮಡ. ಬಾಯಿ ಜೋರು. ಕೈ ಅದಕ್ಕಿಂತ ಧಾರಾಳ.
ನನ್ನ ಗಂಡ ಬಾಡಗಂಡಿ ಫ್ಯಾಕ್ಟರಿ ಡ್ಯೂಟಿಗೆ ಹೋದ ದಿನ ನನ್ನ ಮಗಳು ಸಾನ್ವಿ ಅವರ ಮನೆಯವಳೇ. ಊಟ ಅಲ್ಲಿ, ನಿದ್ದೆ ಅಲ್ಲಿ.

ಇವತ್ತು ಆನ್‌ಲೈನ್ ಕಾನ್ಫರೆನ್ಸ್ ಇತ್ತು. ಕಂಟೆಂಟ್ ಮಾಡುವ ತಾಯಂದಿರದು.
ಇಷ್ಟು ದಿನ ಮ್ಯೂಟ್‌ನಲ್ಲಿ ಕೂತು ಕೇಳುತ್ತಿದ್ದೆ. ಈ ಸಲ ನನ್ನನ್ನೂ ಮಾತಾಡಲು ಕರೆದಿದ್ದರು.
ಒಲ್ಲೆ ಅಂದಿದ್ದೆ. ನಮ್ಮ ಓಣಿಯ ಮಗ್ಗದ ಸಪ್ಪಳದಲ್ಲಿ ಯಾರಿಗೆ ಏನು ಕೇಳಬೇಕು ಎಂದು.
ವೈನಿ ಬಿಡಲಿಲ್ಲ.
"ಜೋರ ಮಾತಾಡು. ನಾವೇನ ಮಗ್ಗದ ಮುಂದ ಮಾತಾಡೂದಿಲ್ಲೇನ? ಸಾನ್ವಿನ್ನ ನನ್ನ ಕಡೆ ಬಿಟ್ಟ ನೀ ಛಲೋ ಸೀರಿ ಉಟಗೊಂಡ ಕುಂದರು" ಅಂದರು.

ಕೂತೆ. ಫೋನ್ ಸೈಲೆಂಟ್ ಮಾಡಿ, ಹೆಡ್‌ಫೋನ್ ಹಾಕಿ...

ನನ್ನ ಹೆಸರು ಕರೆಯುವ ಹೊತ್ತಿಗೆ ಮಗ್ಗ ನಿಂತವು.
ಒಂದಲ್ಲ... ಇಡೀ ಓಣಿಯವು.

ಕರೆಂಟ್ ಹೋಯಿತು ಅಂದುಕೊಂಡೆ. ನಮ್ಮಲ್ಲಿ ಹೋಗುತ್ತಲೇ ಇರುತ್ತದೆ, ಮನೆಯಲ್ಲಿ ಇನ್ವರ್ಟರ್ ಇದೆ.
ಅನ್‌ಮ್ಯೂಟ್ ಮಾಡಿ ನಗುತ್ತಾ ಹೇಳಿದೆ...
"ಕರೆಂಟ್ ಹೋದ್ರ ಊರ ಮಂದಿ ಬೈತಾರ್ರಿ. ನಾ ಮಾತ್ರ ಇವತ್ತ ಕೈ ಮುಗಿತೀನಿ. ಹಿಂತಾ ಶಾಂತಿ ನಮ್ಮ ಓಣ್ಯಾಗ ಎಂದೂ ಸಿಕ್ಕಿಲ್ಲ!"

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಹೊರ ಊರಿನವರಿಗೆ ಗೊತ್ತಿರಲಿಕ್ಕಿಲ್ಲ.
ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಎಲ್ಲರೂ ಮೊದಲು ಮಗ್ಗ ಬಂದ್ ಮಾಡುತ್ತಾರೆ. ಆಮೇಲೆ ಆ ಮನೆ ಕಡೆ ಓಡುತ್ತಾರೆ.
ಈ ಓಣಿಯಲ್ಲೇ ಸಂಸಾರ ಮಾಡುವ ನನಗೆ ಅದು ನೆನಪಾಗಲಿಲ್ಲ...

ಅಷ್ಟರಲ್ಲಿ ಸಾನ್ವಿ ಬಾಗಿಲಿಗೆ ಬಂದಳು.
ಅಮ್ಮನ ತಲೆ ಮೇಲೆ ಹೆಡ್‌ಫೋನ್ ಇದ್ದರೆ ಮಾತಾಡಬಾರದು ಎಂದು ನಾನೇ ಕಲಿಸಿದ್ದೇನೆ. ತುಟಿ ಮೇಲೆ ಬೆರಳಿಟ್ಟೆ. ಸುಮ್ಮನೆ ನಿಂತಳು.
ನಾನು ಅದನ್ನೂ ಬಿಡಲಿಲ್ಲ. ಕ್ಯಾಮೆರಾ ಅವಳ ಕಡೆ ತಿರುಗಿಸಿ "ನೋಡ್ರಿ, ಮಕ್ಕಳಿಗೆ ಹಿಂಗ ರೂಢಿ ಮಾಡಸ್ಬೇಕು" ಅಂದೆ.
ಸ್ಕ್ರೀನ್ ತುಂಬ ಚಪ್ಪಾಳೆ ಇಮೋಜಿ...

ಎಲ್ಲ ಮುಗಿಸಿ ಹೆಡ್‌ಫೋನ್ ತೆಗೆದೆ.
ಒಂದನೇ ಕ್ಲಾಸಿನ ಮಗು ಹೊಸ್ತಿಲ ಮೇಲೆ ಕೂತಿತ್ತು.
"ಈಗ ಮಾತಾಡ್ಲೇನ ಮಮ್ಮಿ?" ಅಂದಳು.
"ಹೂಂ, ಹೇಳ."
"ದೊಡ್ಡವ್ವ ಏಳವಲ್ಲಳ. ಎಲ್ಲಾರೂ ಅಳಾಕತ್ತಾರ. ನಿನ್ನ ಕರಕೊಂಡ ಬಾ ಅಂದ್ರು."

ವೈನಿ...
ಸಾನ್ವಿಯ ತಾಟಿಗೆ ಅನ್ನ ಹಾಕಿ, ಎದೆ ಹಿಡಿದುಕೊಂಡು ಗೋಡೆಗೆ ಒರಗಿದಿರಂತೆ. ಡಾಕ್ಟರ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.
ನಾನು ಓಡಿ ಬಂದಿದ್ದರೂ ನೀವು ಉಳಿಯುತ್ತಿರಲಿಲ್ಲ ಅನ್ನುತ್ತಾರೆ. ಇರಬಹುದು.
ಆದರೆ ನೀವು ಹೋದ ಹೊತ್ತಿಗೆ ನಾನು ಶಾಂತಿ ಸಿಕ್ಕಿತೆಂದು ಕೈ ಮುಗಿದೆನಲ್ಲ...
ನನ್ನ ಮಗಳು ನಿಮ್ಮ ಸುದ್ದಿ ಬಾಯಲ್ಲಿ ಇಟ್ಟುಕೊಂಡು ನಿಂತಿದ್ದಾಗ ನಾನು ಅವಳನ್ನು ಶೋಕೇಸ್ ಗೊಂಬೆ ಮಾಡಿದೆನಲ್ಲ...
ನಾಚಿಕೆಯಾಗುತ್ತಿದೆ ವೈನಿ. ನಿಮ್ಮ ಮನೆಯವರ ಮುಖ ನೋಡಲು ಆಗುತ್ತಿಲ್ಲ.

ಕಾನ್ಫರೆನ್ಸಿನಲ್ಲಿ ನಾನು ನಕ್ಕು ಮಾತಾಡಿದ ಕ್ಲಿಪ್ ಆಗಲೇ ಓಡಾಡುತ್ತಿದೆ. ರಬಕವಿ ಗ್ರೂಪಿನಲ್ಲೂ ಬಂದಿದೆ. "ಮಸ್ತ್ ಮಾತಾಡೀರಿ ಮೇಡಂ" ಎಂದು ಮೆಸೇಜ್ ಬರುತ್ತಿವೆ.
ಕೈ ಮುಗಿದು ಕೇಳುತ್ತೇನೆ... ಡಿಲೀಟ್ ಮಾಡಿರಿ. ಅವರ ಮಕ್ಕಳ ಫೋನಿಗೆ ಅದು ಹೋಗಬಾರದು.

ಸಂಜೆ ಮುಧೋಳದಿಂದ ಅವರ ತಮ್ಮ ಬಂದ ಮೇಲೆ ಮೈ ತೊಳೆಸಿದರು.
ಹೆಣ್ಣುಮಕ್ಕಳೆಲ್ಲ ನನ್ನನ್ನು ಕರೆದರು. "ನೀನ ಉಡಸವಾ... ನಿನ್ನಂಗ ಸೀರಿ ಉಡಸಾಕ ಯಾರಿಗೆ ಬರ್ತೈತಿ?"
ಹೊಸ ಸೀರೆ ಬಿಚ್ಚಿದೆ. ನೆರಿಗೆ ಹಿಡಿದೆ. ಕೈಗೆ ಎಲ್ಲ ರೂಢಿ.
ಸೆರಗು ಕೈಗೆ ಬಂದಾಗ ನಿಂತುಬಿಟ್ಟೆ.

ನಮ್ಮ ಕಡೆ ಕೆಲವರು ಎಡ ಹೆಗಲಿಗೆ ಹೊದೆಯುತ್ತಾರೆ, ಕೆಲವರು ಬಲಕ್ಕೆ.
ವೈನಿ ಯಾವ ಕಡೆ ಹೊದೆಯುತ್ತಿದ್ದರು?

ನನಗೆ ಗೊತ್ತಿರಲಿಲ್ಲ.
ದಿನಾ ನನ್ನೆದುರು ನಿಂತವರು... ಅವರು ನನ್ನನ್ನು ನೋಡುತ್ತಿದ್ದರು. ನಾನು ಕ್ಯಾಮೆರಾ ನೋಡುತ್ತಿದ್ದೆ.

ಯಾವ ಬಾಯಿಂದ ಕೇಳಲಿ? ಸೀರೆ ಉಡಲು ಊರಿಗೆಲ್ಲ ಕಲಿಸುವವಳು ನಾನು...
ಕೊನೆಗೆ ನನ್ನ ಮಗಳನ್ನೇ ಹತ್ತಿರ ಕರೆದು ಕಿವಿಯಲ್ಲಿ ಕೇಳಿದೆ.
"ಬಲಕ್ಕ ಮಮ್ಮಿ" ಅಂದಳು. "ನಾ ಸೆರಗ ಹಿಡಕೊಂಡ ಅಡ್ಡಾಡ್ತಿದ್ನಲ್ಲ."

ಬಲಕ್ಕೇ ಹೊದಿಸಿದ್ದೇನೆ ವೈನಿ.

ಹೋಗಿ ಬನ್ನಿ...
ಎಲ್ಲೇ ಇದ್ದರೂ ನಿಮ್ಮ ಜೀವ ತಣ್ಣಗಿರಲಿ. 🙏